ಎಲ್ಲಿಗೆ ಚೆಲೋ?

ಹಾಸನ ಸೀಮೆಯಲ್ಲಿ ಮೊಟ್ಟಮೊದಲು ಚೆಲೋ ನುಡಿಸಿದವನು ನಾನೇ. ಅಲ್ಲ ಅನ್ನಬೇಕಾದವರೆಲ್ಲ ತೀರಿಹೋಗಿದ್ದಾರೆ. ನನಗೆ ಅಕ್ಷರ ಬರುವುದಿಲ್ಲ. ನಾನು ಹೇಳುತ್ತೇನೆ, ಸೊಸೆ ಬರೆಯುತ್ತಾಳೆ.

ಚೆಲೋ ಅಂದರೆ ಎದೆಯೆತ್ತರದ ಪಿಟೀಲು, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವುದು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷಕ್ಕೆ ಕಾಫಿ ತೋಟದ ದೊರೆ ಇಂಗ್ಲೆಂಡಿಗೆ ಹೊರಟಾಗ ಎರಡು ಬಿಟ್ಟುಹೋದ. ಒಂದು ಅಡುಗೆಯವನಾದ ನನಗೆ, ಒಂದು ಡ್ರೈವರಿಗೆ. ನಾನು ಅಡುಗೆಮನೆ ಕಿಟಕಿಯಲ್ಲಿ ಕೇಳಿಯೇ ಕಲಿತಿದ್ದೆ. ಡ್ರೈವರು ನನ್ನನ್ನು ನೋಡಿ ಕಲಿತ.

ಹಾಸನದ ಸಂಗೀತದ ಮೇಷ್ಟ್ರೊಬ್ಬರು ನಮ್ಮ ಜೋಡಿಗೆಂದೇ ಒಂದು ಕೃತಿ ಕಟ್ಟಿದರು. ಅದನ್ನು ಒಂದು ಸಲ ಸಭೆಯಲ್ಲಿ ಕೊನೆಯವರೆಗೂ ಕೇಳಬೇಕು ಅನ್ನುವುದೇ ಅವರ ಆಸೆ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಆಗುತ್ತಿತ್ತು.

ಹೊಳೆನರಸೀಪುರ

ತಮಟೆಯವನು "ಸಂಜೆಗೆ ಚೆಲೋ ಐತೆ" ಅಂತ ಸಾರಿದ. ನಲವತ್ತೇಳರ ಚಳವಳಿಯಲ್ಲಿ ಮೈಸೂರು ಚಲೋ ಅಂತ ಹೊರಟಿದ್ದು ಜನಕ್ಕಿನ್ನೂ ಮರೆತಿರಲಿಲ್ಲ. ಬುತ್ತಿ ಕಟ್ಟಿಕೊಂಡು, ಬಾವುಟ ಹಿಡಿದು ಬಂದರು. ಹಿಂದೆಯೇ ಪೊಲೀಸಿನವರೂ ಬಂದರು. ಯಜಮಾನರೊಬ್ಬರು, "ಎಲ್ಲಿಗೆ ಓಗ್ಬೇಕು ಏಳಿ ಸಾ, ಒತ್ತು ಮೀರ್ತದೆ" ಅಂದರು. ಎಲ್ಲಿಗೂ ಇಲ್ಲ, ಕೂತು ಕೇಳುವುದು ಅಂದೆ. ಕೂರುವುದಕ್ಕೆ ಚಲೋ ಯಾಕಂದ್ರಿ ಅಂತ ಬೈದುಕೊಂಡು ಎಲ್ಲ ಎದ್ದರು. ಉಳಿದವರು ಪೊಲೀಸಿನವರೇ. ಕೃತಿ ಅರ್ಧಕ್ಕೆ ಬಂದಾಗ ದಫೇದಾರರು ಲಾಠಿ ತೋರಿಸಿ, "ಈಗ ನೀವು ಚಲೋ" ಅಂದರು.

ಅರಕಲಗೂಡು

ಇಲ್ಲಿ ಜನ ಕೂತರು, ಮೇಷ್ಟ್ರು ಕೂರಲಿಲ್ಲ. ಬದುಕಿರುವವರ ಕೃತಿ ನುಡಿಸುವುದರಲ್ಲಿ ಇದೇ ಕಷ್ಟ, ಅವರು ಮುಂದಿನ ಸಾಲಿನಲ್ಲೇ ಇರುತ್ತಾರೆ. ನಿಲ್ಲಿಸಿ, ಅಲ್ಲಿ ನಿಷಾದ ಬೇಡ ಅಂದರು. ಮೊದಲಿಂದ ಹಿಡಿದೆವು. ನಿಲ್ಲಿಸಿ, ನಿಷಾದವೇ ಇರಲಿ ಅಂದರು. ಹೀಗೇ ದೀಪ ಹಚ್ಚುವ ಹೊತ್ತಾಯಿತು. ಕೊನೆಗೆ ಅಜ್ಜಿಯೊಬ್ಬಳು ಅವರ ತೋಳು ಹಿಡಿದು ಹೇಳಿದಳು: "ನಮ್ಮೂರಲ್ಲಿ ಸತ್ತೋರ ಪದನೇ ಆಡಾದು ಕಣಪ್ಪ. ಅವ್ರು ಮಧ್ಯ ಮಾತಾಡಕಿಲ್ಲ."

ಚನ್ನರಾಯಪಟ್ಟಣ

ಈ ಸಲ ಬಾಯಿ ಬಿಡುವುದಿಲ್ಲ ಅಂತ ಆಣೆ ಮಾಡಿ, ಮೇಷ್ಟ್ರು ಬಾಯಿ ತುಂಬ ಎಲೆಅಡಿಕೆ ಗಿಡಿದುಕೊಂಡು ಕೂತರು. ಶುರುವಾದದ್ದೇ ತಡ, ಡ್ರೈವರು ಪಲ್ಲವಿ ಹಾರಿಸಿ ನೇರ ಚರಣಕ್ಕೆ ಹೊರಟುಹೋದ. ನಾನಿನ್ನೂ ಪಲ್ಲವಿಯಲ್ಲಿ. ಮೇಷ್ಟ್ರು ಕೈ ಬೀಸುತ್ತ ಮೂಗಿನಲ್ಲೇ ಉಂ ಉಂ ಅಂದರು. ಜನ ಅದನ್ನೂ ಸಂಗೀತ ಅಂದುಕೊಂಡು ತಾಳ ಹಾಕಿದರು. ನಾನು ಬಿಡುವವನೇ? ಅಟ್ಟಿಸಿಕೊಂಡು ಹೋಗಿ ಕೊನೆಯ ಸ್ವರದಲ್ಲಿ ಅವನನ್ನು ಹಿಡಿದೆ. ಚಪ್ಪಾಳೆಗೆ ಚಪ್ಪರದ ಗರಿಗಳೆಲ್ಲ ಉದುರಿದವು. ಆ ಕ್ಷಣವೇ ಮೇಷ್ಟ್ರು ಎದ್ದು ನಿಂತು, ಊರಿಗೆಲ್ಲ ಕೇಳುವ ಹಾಗೆ, "ಕೊನೇವರೆಗೂ ಕೇಳ್ದೆ ಕಣ್ರಯ್ಯ. ನಾನು ಕಟ್ಟಿದ್ದು ಇಷ್ಟು ಚೆನ್ನಾಗಿರಲಿಲ್ಲ" ಅಂದರು.

ಸೊಸೆ ಬರೆಯುವುದು ನಿಲ್ಲಿಸಿದಳು. "ಮಾವ, ಬಾಯ್ತುಂಬ ಎಲೆಅಡಿಕೆ ಇತ್ತು ಅಂದ್ರಲ್ಲ. ಇಷ್ಟೆಲ್ಲ ಹೆಂಗೆ ಮಾತಾಡಿದ್ರು?"

"ನುಂಗಿರ್ಬೇಕು, ಬುಡವ್ವ" ಅಂದೆ.