ಒಂದು ಹುಚ್ಚಾಸ್ಪತ್ರೆ ಟಿಕೆಟ್ ಕೊಡಿ

ಎಡವಟ್ಟುಗಳು ನನ್ನನ್ನು ಹುಡುಕಿಕೊಂಡು ಬರುತ್ತವೋ, ನಾನೇ ಬಸ್ಸು ಹತ್ತಿ ಅವು ಇರುವ ಕಡೆ ಹೋಗಿ ಇಳಿಯುತ್ತೇನೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಕ್ಯಾಮೆರಾ ಹೆಗಲಿಗೆ ಬಿತ್ತೆಂದರೆ ಏನಾದರೊಂದು ಆಗಲೇಬೇಕು.

ತೊಂಬತ್ತರ ದಶಕದ ಕೊನೆ. ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಪುಟ್ಟ ಸ್ಟುಡಿಯೋ. ದಿನವಿಡೀ ‘ಗದ್ದ ಸ್ವಲ್ಪ ಕೆಳಗೆ, ಕಣ್ಣು ಮುಚ್ಚಬೇಡಿ’ ಅನ್ನುವುದೇ ಕೆಲಸ. ಜಿಲ್ಲೆ ಅಂದಮೇಲೆ ಕಚೇರಿಗಳು ಬರಬೇಕು, ಕಚೇರಿಗೆ ಕಟ್ಟಡ ಬೇಕು. ಊರಲ್ಲಿ ನಾಲ್ಕು ಗೋಡೆ, ಒಂದು ಸೂರು ಇದ್ದದ್ದನ್ನೆಲ್ಲ ಒಂದಲ್ಲ ಒಂದು ಇಲಾಖೆಯವರು ಬಂದು ಅಳೆದು ಹೋಗುತ್ತಿದ್ದರು. ಹಾಗೆ ಒಬ್ಬ ಎಂಜಿನಿಯರು ನನ್ನನ್ನು ಗುಂಡ್ಲುಪೇಟೆ ರಸ್ತೆಯಲ್ಲಿದ್ದ ಒಂದು ಹಳೆಯ ಮಾನಸಿಕ ಆಸ್ಪತ್ರೆಯ ಫೋಟೋ ತೆಗೆಯಲು ಕಳಿಸಿದರು. ಅದನ್ನು ಕಟ್ಟಿಸಿದ ಡಾಕ್ಟರು ತೀರಿಕೊಂಡ ಮೇಲೆ ಮುಚ್ಚಿಹೋಗಿತ್ತು. ಜನರ ಬಾಯಲ್ಲಿ ಮಾತ್ರ ಅದು ಹುಚ್ಚಾಸ್ಪತ್ರೆಯಾಗಿಯೇ ಉಳಿದಿತ್ತು.

ಹೋದೆ. ಉದ್ದನೆಯ ವಾರ್ಡು, ಒಡೆದ ಹೆಂಚಿನಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು. ಕಿಟಕಿಯ ಸರಳುಗಳ ನೆರಳು ಕೆಂಪು ಗಾರೆ ನೆಲದ ಮೇಲೆ ನಿಧಾನವಾಗಿ ಜರುಗುತ್ತಿತ್ತು. ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಒಂದು ಎತ್ತಿನ ಗಾಡಿ ಬರೆದಿದ್ದರು, ಎತ್ತುಗಳೆರಡೂ ನಗುತ್ತಿದ್ದವು. ಅಷ್ಟು ದಿನ ಪಾಸ್‌ಪೋರ್ಟ್ ಫೋಟೋ ತೆಗೆದು ತೆಗೆದು ಬತ್ತಿಹೋಗಿದ್ದ ನನಗೆ ತಲೆಯೇ ತಿರುಗಿತು. ಅಂಗಡಿಗೆ ಮಂಗಳವಾರ ರಜೆ. ಅವತ್ತಿನಿಂದ ನನ್ನ ಮಂಗಳವಾರಗಳೆಲ್ಲ ಅಲ್ಲೇ.

ಟಿಕೆಟ್ಟು

ಆ ಸ್ಟಾಪಿಗೆ ಬೇರೆ ಹೆಸರೇ ಇರಲಿಲ್ಲ. ಮೊದಲ ಮಂಗಳವಾರ ಗುಂಡ್ಲುಪೇಟೆ ಬಸ್ಸು ಹತ್ತಿ ಕಂಡಕ್ಟರಿಗೆ “ಒಂದು ಹುಚ್ಚಾಸ್ಪತ್ರೆ” ಅಂದೆ.

ಅವನು ಟಿಕೆಟ್ ಹರಿಯದೆ ನನ್ನ ಮುಖ ನೋಡಿದ. ಪಕ್ಕದಲ್ಲಿ ಕೂತಿದ್ದವರು ಮಡಿಲಲ್ಲಿದ್ದ ಚೀಲವನ್ನು ಕಿಟಕಿ ಕಡೆಗೆ ಸರಿಸಿಕೊಂಡರು. ಮುಂದಿನ ಸೀಟಿನಲ್ಲಿ ಸೊಸೆಯ ಜೊತೆ ಕೂತಿದ್ದ ಅಜ್ಜಿಯೊಬ್ಬರು ಪೂರ್ತಿ ತಿರುಗಿ ಕೂತರು.

“ಜೊತ್ಗೆ ಯಾರೂ ಬರ್ನಿಲ್ವಾ ಮಗ?”

“ಇಲ್ಲ ಅಜ್ಜಿ, ನಾನೊಬ್ಬನೇ.”

“ಅಯ್ಯೋ ಶಿವನೇ. ಅದು ಮುಚ್ಚೋಗಿ ಎಸ್ಟೊರ್ಸ ಆಯ್ತು, ನಿಂಗೆ ಯಾರೂ ಯೋಳ್ನಿಲ್ವಾ?”

“ಗೊತ್ತು ಅಜ್ಜಿ. ಮುಚ್ಚಿರೋದಕ್ಕೇ ಹೋಗ್ತಿರೋದು. ಅಲ್ಲಿ ಗೋಡೆ ಮೇಲೆ ಬಿಸಿಲು ಬಹಳ ಚೆನ್ನಾಗಿ ಬೀಳುತ್ತೆ.”

ಅಜ್ಜಿ ಮೆಲ್ಲಗೆ ಮುಂದಕ್ಕೆ ತಿರುಗಿ ಸೊಸೆಯ ಕಿವಿಯಲ್ಲಿ ಹೇಳಿದ್ದು ಡ್ರೈವರಿಗೂ ಕೇಳಿಸಿತು:

“ಇಂಥೋರ್ನೆಲ್ಲ ಇಟ್ಕಂಡು ಆಸ್ಪತ್ರೆ ಮುಚ್ಬುಟ್ರಲ್ಲಮ್ಮಿ!”

ಬಾಗಿಲು

ಆಸ್ಪತ್ರೆಯ ಗೇಟಿನ ಪಕ್ಕದ ಕೋಣೆಯಲ್ಲಿ ಒಬ್ಬ ಕಾವಲುಗಾರರಿದ್ದರು. ಅಲ್ಲೇ ಮೂವತ್ತು ವರ್ಷ ವಾರ್ಡು ನೋಡಿಕೊಂಡಿದ್ದವರು. ಕೊನೆಗೆ ಉಳಿದಿದ್ದ ರೋಗಿಗಳನ್ನು ಅವರವರ ಮನೆಗೆ ತಾವೇ ಬಸ್ಸು ಹತ್ತಿಸಿ ಬಿಟ್ಟು ಬಂದವರು. ನಾನು ಅವರನ್ನು ಯಜಮಾನ್ರೇ ಅನ್ನುತ್ತಿದ್ದೆ. ಖಾಕಿ ಅಂಗಿಗೆ ಗುಂಡಿ ಎರಡೇ ಇದ್ದರೂ ಶಿಸ್ತಿಗೆ ಕಮ್ಮಿ ಇರಲಿಲ್ಲ.

ಗೇಟಿಗೆ ಅಂಗೈಯಗಲದ ಬೀಗ. ಗೇಟಿನಿಂದ ಹತ್ತು ಹೆಜ್ಜೆ ದಾಟಿದರೆ ಕಾಂಪೌಂಡ್ ಗೋಡೆ ಪೂರ್ತಿ ಬಿದ್ದುಹೋಗಿತ್ತು. ಊರಿನ ಆಡು, ಎಮ್ಮೆ ಎಲ್ಲ ಅಲ್ಲಿಂದಲೇ ಓಡಾಡುತ್ತಿದ್ದವು. ಮೊದಲ ಸಲ ನಾನೂ ಎಮ್ಮೆಯ ಹಿಂದೆ ಹೋಗಲು ನೋಡಿದೆ. ಅವರು ಕೈ ಅಡ್ಡ ಹಿಡಿದರು. “ಅದು ಬಿದ್ದೋಗಿರೋದು ಕಣಪ್ಪ, ದಾರಿ ಅಲ್ಲ. ಮನುಸ್ರು ಗೇಟಲ್ಲಿ ಬರ್ಬೇಕು.”

ಒಂದು ಮಂಗಳವಾರ ಹೋದರೆ ಯಜಮಾನರು ಒಳಗೆ, ಗೇಟಿಗೆ ಬೀಗ, ಬೀಗದ ಕೈ ಕಾಣೆ. ಒಳಗೆ ನಿಂತು ಜೇಬು, ರುಮಾಲು, ಚಾಪೆ ಎಲ್ಲ ಜಾಲಾಡುತ್ತಿದ್ದಾರೆ. ನಾನು ಹೊರಗೆ ನಿಂತು ಸರಳು ಹಿಡಿದು ನೋಡುತ್ತಿದ್ದೇನೆ. ಅರ್ಧ ಗಂಟೆಯಾಯಿತು. ಅಷ್ಟರಲ್ಲಿ ಒಂದು ಆಡು ಒಳಗೆ ಹೋಗಿ, ಮೇಯ್ದು, ಹೊರಗೆ ಬಂದು, ನಮ್ಮಿಬ್ಬರನ್ನೂ ನೋಡಿ, ಮತ್ತೆ ಒಳಗೆ ಹೋಯಿತು.

“ಊಟಕ್ಕೆ ಮನೆಗೆ ಹೋಗೋದು ಹೇಗೆ ಯಜಮಾನ್ರೇ? ಇವತ್ತೊಂದು ದಿನ ಆ ಬಿದ್ದಿರೋ ಗೋಡೆ ದಾಟಿ ಬಂದುಬಿಡಿ,” ಅಂದೆ.

ಅವರಿಗೆ ಸಿಟ್ಟೇ ಬಂತು.

“ಗ್ವಾಡೆ ದಾಟಿ ಓಡೋಗೋರ್ನ ಇಡ್ಯಕ್ಕೇ ಅಂತ ಡಾಕ್ಟ್ರು ನನ್ನ ಇಟ್ಟಿದ್ದು. ಈಗ ನಾನೇ ದಾಟ್ಬುಟ್ರೆ ನನ್ನ ಇಡ್ಯೋರ್ ಯಾರ್ಲಾ?”

ಫೈಲಿಗೆ ಸೇರಿದ ಚಿತ್ರ

ಎಂಜಿನಿಯರು ಬರೆದ ವರದಿ ಮೇಲೆ ಒಬ್ಬ ಅಧಿಕಾರಿ ಖುದ್ದಾಗಿ ಕಟ್ಟಡ ನೋಡಲು ಬಂದರು. ನನ್ನನ್ನೂ ಕರೆದಿದ್ದರು. ಅವರಿಗೆ ಕಟ್ಟಡ ಹಿಡಿಸಿತು. ಕೋಣೆಗಳ ಅಳತೆ ಫೋಟೋದಲ್ಲೇ ಗೊತ್ತಾಗಬೇಕು ಅಂದರು.

“ಹಾಗಾದರೆ ಯಾರಾದರೂ ಒಬ್ಬರು ನಿಂತರೆ ಎತ್ತರ ತಿಳಿಯುತ್ತೆ ಸಾರ್,” ಅಂದೆ.

ಜೊತೆಗೆ ಬಂದಿದ್ದ ಗುಮಾಸ್ತರು ಹಿಂದೆ ಸರಿದರು. ಎಂಜಿನಿಯರಿಗೆ ತುರ್ತಾಗಿ ಚಾವಣಿ ನೋಡಬೇಕಾಯಿತು. ಕೊನೆಗೆ ಸಾಹೇಬರೇ ಒಳಗೆ ಹೋಗಿ ನಿಂತರು. ಅವತ್ತು ಸೆಕೆ. ಕೋಟು ತೆಗೆದಿದ್ದರು, ಕೂದಲು ಗಾಳಿಗೆ ಎದ್ದಿತ್ತು. ಕೈ ಎಲ್ಲಿಡುವುದು ತಿಳಿಯದೆ ಕಿಟಕಿಯ ಎರಡು ಸರಳು ಹಿಡಿದುಕೊಂಡರು. ಬಿಸಿಲಿಗೆ ಕಣ್ಣು ಕಿರಿದು ಮಾಡಿದರು. ನಾನು ಅಭ್ಯಾಸ ಬಲದಿಂದ “ಸ್ವಲ್ಪ ನಗಿ ಸಾರ್” ಅಂದೆ. ನಕ್ಕರು. ಒತ್ತಿದೆ.

ಎರಡು ತಿಂಗಳ ಮೇಲೆ ಅದೇ ಗುಮಾಸ್ತರು ಸ್ಟುಡಿಯೋಗೆ ಬಂದು, ಕುರ್ಚಿಯಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ಮೇಲಿನ ಕಚೇರಿಯಿಂದ ಪತ್ರ ಬಂದಿತ್ತಂತೆ: “ಸದರಿ ಕಟ್ಟಡವು ಸಂಪೂರ್ಣ ಖಾಲಿ ಇರುವುದಾಗಿ ವರದಿ ಮಾಡಿರುತ್ತೀರಿ. ಆದರೆ ಲಗತ್ತಿಸಿದ ಛಾಯಾಚಿತ್ರದಲ್ಲಿ ಒಬ್ಬ ರೋಗಿಯು ಇನ್ನೂ ಉಳಿದಿರುವುದು ಕಂಡುಬಂದಿದೆ. ಅವರ ಸ್ಥಳಾಂತರಕ್ಕೆ ಕೈಗೊಂಡ ಕ್ರಮವೇನು?”

“ಸಾಹೇಬರು ಏನು ಉತ್ತರ ಕೊಟ್ಟರು?”

“ಸಿಟ್ಟಿನಲ್ಲಿ ಹೇಳ್ತಾ ಹೋದ್ರು, ನಾನು ಟೈಪ್ ಮಾಡ್ತಾ ಹೋದೆ, ಅವರು ಓದದೆ ರುಜು ಹಾಕಿದ್ರು. ಕಳಿಸಿಯೂ ಆಯ್ತು.” ಗುಮಾಸ್ತರು ಕಣ್ಣೊರೆಸಿಕೊಂಡರು. “‘ಸದರಿ ರೋಗಿಯು ನಾನೇ ಆಗಿದ್ದು, ಹಾಲಿ ಇದೇ ಕಚೇರಿಯಲ್ಲಿ ಕರ್ತವ್ಯ ನಿರ್ವಹಿಸುತ್ತಿದ್ದೇನೆ.’”

ಎರಡನೆಯದು

ಗುಂಡ್ಲುಪೇಟೆ ದಾಟಿ, ಗೋಪಾಲಸ್ವಾಮಿ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ ಇಂಥದ್ದೇ ಇನ್ನೊಂದು ಪಾಳು ಆಸ್ಪತ್ರೆ ಇದೆ ಅಂತ ಯಾರೋ ಹೇಳಿದರು. ಒಂದೇ ಉಸಿರಿಗೆ ಹೋದೆ. ಸಿಕ್ಕಿತು. ಒಡೆದ ಗಾಜು, ಜೇಡರ ಬಲೆ, ಮೂರು ಕಾಲಿನ ಕುರ್ಚಿ, ಗೆದ್ದಲು ತಿಂದ ಕಾಗದದ ಕಟ್ಟುಗಳು. ನನ್ನ ಸಂತೋಷಕ್ಕೆ ಪಾರವಿಲ್ಲ. ನೆಲದ ಮೇಲೆ ಅಂಗಾತ ಮಲಗಿ ಚಾವಣಿಯ ಫೋಟೋ ಕೂಡ ತೆಗೆದೆ.

ಕೊನೆಯ ಕೋಣೆಯಲ್ಲಿ, ಧೂಳಿನ ಮೇಜಿನ ಮೇಲೆ ತಲೆಯಿಟ್ಟು ಒಬ್ಬರು ಅಲುಗಾಡದೆ ಕೂತಿದ್ದರು. ಪಾಪ, ಎಲ್ಲರೂ ಹೋದಮೇಲೂ ಮರೆತು ಉಳಿದುಹೋದ ಜೀವವೇ? ಮೆಲ್ಲಗೆ ಹತ್ತಿರ ಹೋಗಿ “ಸ್ವಾಮೀ…” ಅಂದೆ.

ಅವರು ಒಂದು ಕಣ್ಣು ಬಿಟ್ಟರು.

“ಆಸ್ಪತ್ರೆ ಇದಲ್ಲ, ಪಕ್ಕದ ಕಟ್ಟಡ. ಇದು ಆಫೀಸು. ಊಟದ ಟೈಮು, ಎರಡೂವರೆ ಮೇಲೆ ಬನ್ನಿ.”

ಆಲ್ಬಮ್

ಆಗ ರೀಲಿನ ಕಾಲ. ಗುಂಡ್ಲುಪೇಟೆಯ ಒಂದು ಮದುವೆಯಲ್ಲಿ ಕೊನೆಯ ರೀಲಿನಲ್ಲಿ ಎಂಟು ಫೋಟೋ ಉಳಿದಿತ್ತು. ಹೆಣ್ಣೊಪ್ಪಿಸುವ ಶಾಸ್ತ್ರ, ಹುಡುಗಿ ಅಳುತ್ತಾ ಕಾರು ಹತ್ತಿದ್ದು, ಕಾರು ಹೊರಟಿದ್ದು ಎಲ್ಲ ಮುಗಿದಿತ್ತು. ಮಾರನೆಯ ದಿನ ಮಂಗಳವಾರ. ಉಳಿದ ಎಂಟನ್ನು ಆಸ್ಪತ್ರೆಯಲ್ಲಿ ಮುಗಿಸಿ ರೀಲು ಮೈಸೂರಿನ ಲ್ಯಾಬಿಗೆ ಕಳಿಸಿದೆ. ಪ್ರಿಂಟು ಬಂದ ದಿನ ನನಗೆ ಜ್ವರ. ಕಟ್ಟು ಬಿಚ್ಚದೆ ಹಾಗೇ ಆಲ್ಬಮ್ ಕಟ್ಟುವ ಭಾಯ್ ಹತ್ತಿರ ಕಳಿಸಿದೆ. ನಮ್ಮೂರಲ್ಲಿ ಅವರಷ್ಟು ಅಚ್ಚುಕಟ್ಟಾಗಿ ಆಲ್ಬಮ್ ಕಟ್ಟುವವರು ಇನ್ನೊಬ್ಬರಿರಲಿಲ್ಲ. ಮದುವೆಯವರು ಅವರ ಅಂಗಡಿಯಿಂದಲೇ ಆಲ್ಬಮ್ ತೆಗೆದುಕೊಂಡು ಹೋದರು.

ಮೂರನೇ ದಿನ ಮದುಮಗನ ತಾಯಿ ಆಲ್ಬಮ್ ಎದೆಗವಚಿಕೊಂಡು ಸ್ಟುಡಿಯೋಗೆ ಬಂದರು. ಕೊನೆಯ ಹಾಳೆಗಳನ್ನು ತಿರುಗಿಸಿದರು. ಹುಡುಗಿ ಅಳುತ್ತಾ ಕಾರು ಹತ್ತುತ್ತಾಳೆ. ಕಾರು ಹೊರಡುತ್ತದೆ. ಮುಂದಿನ ಹಾಳೆಯಲ್ಲಿ ದೊಡ್ಡ ಕಬ್ಬಿಣದ ಗೇಟು, ‘ಮಾನಸಿಕ ಚಿಕಿತ್ಸಾಲಯ’ ಅನ್ನುವ ಬೋರ್ಡು. ಅದರ ಮುಂದಿನ ಹಾಳೆಯಲ್ಲಿ ಸರಳಿನ ಕಿಟಕಿ. ಕೊನೆಯಲ್ಲಿ, ಗೇಟು ಹಾಕುತ್ತಿರುವ ಯಜಮಾನರು. ಸುತ್ತ ಗುಲಾಬಿ ಹೂವಿನ ಅಂಚು, ಕೆಳಗೆ ಬಂಗಾರದ ಅಕ್ಷರದಲ್ಲಿ ‘ಶುಭಂ’.

“ನಮ್ಮನೇನ ಇಂಗೆ ತೋರ್ಸಿದ್ದೀಯಲ್ಲಪ್ಪ,” ಅಂದರು ಆ ತಾಯಿ. “ಸೊಸೆ ನೋಡುದ್ಲು ಅಂತ್ಲೂ ಬೇಜಾರಿಲ್ಲ. ನೋಡಿ ನಗ್ತಾವ್ಳೆ, ನಿಲ್ಲುಸ್ತಾನೇ ಇಲ್ಲ.”

ಕೈ ಮುಗಿದು, ಬೇರೆ ಹಾಳೆ ಹಾಕಿಸಿಕೊಡುತ್ತೇನೆ ಅಂತ ಕಳಿಸಿ, ನೇರ ಭಾಯ್ ಹತ್ತಿರ ಓಡಿದೆ. “ಅಂಟಿಸೋವಾಗ ಒಂದ್ಸಲ ನೋಡಬಾರದಾ ಭಾಯ್?”

ಅವರು ಗೋಂದಿನ ಬ್ರಷ್ ಕೆಳಗಿಟ್ಟು ಶಾಂತವಾಗಿ ಹೇಳಿದರು: “ನೋಡಿದೆ ಭಾಯ್. ಮದ್ವೆ ಆಯ್ತು, ಆಮೇಲೆ ಹುಚ್ಚಾಸ್ಪತ್ರೆ ಬಂತು. ನಂದು ಮದ್ವೆ ಆಗಿ ಇಪ್ಪತ್ತು ವರ್ಷ. ಡೌಟೇ ಬರ್ಲಿಲ್ಲ.”

ವಿಚಾರಣೆ

ಬೇಗೂರಿನಲ್ಲಿ ಒಂದು ಹುಡುಗಿಯನ್ನು ನೋಡಿ ಬಂದಿದ್ದೆವು. ಸ್ಕೂಲ್ ಟೀಚರ್. ಉಪ್ಪಿಟ್ಟಿನ ತಟ್ಟೆ ನನ್ನ ಮುಂದಿಟ್ಟು, “ಫೋಟೋ ತೆಗಿಯೋರು ನಗು ಬರದೇ ಇದ್ದೋರನ್ನ ನಗಿ ನಗಿ ಅಂತ ಯಾಕೆ ಹಿಂಸೆ ಕೊಡ್ತೀರಿ?” ಅಂತ ಕೇಳಿದ್ದಳು. ಮದುವೆಯಾದರೆ ಇವಳನ್ನೇ ಅಂತ ಮನಸ್ಸು ಅಲ್ಲೇ ಕೂತುಬಿಟ್ಟಿತು.

ಹದಿನೈದು ದಿನಕ್ಕೆ ಅವರಿಂದ ಕಾಗದ ಬಂತು: ಜಾತಕ ಕೂಡಿಬರಲಿಲ್ಲ. ನಮ್ಮಮ್ಮ ಕಾಗದವನ್ನು ಎರಡು ಸಲ ಓದಿಸಿಕೊಂಡು, “ನಾವು ಜಾತಕ ಕೊಟ್ಟೇ ಇಲ್ವಲ್ಲೋ!” ಅಂದರು. ನನಗೆ ಎರಡು ದಿನ ಕೆಲಸದಲ್ಲಿ ಕೈಯೇ ಓಡಲಿಲ್ಲ. ಬಂದವರನ್ನು ನಗಿ ಅನ್ನುವುದನ್ನೂ ಬಿಟ್ಟೆ.

ಮಂಗಳವಾರ ಹೋದಾಗ ಯಜಮಾನರು ಖುಷಿಯಾಗಿದ್ದರು. “ನಿನ್ನ ಇಚಾರ್ಸ್ಕಂಡು ಬೇಗೂರಿಂದ ಎಣ್ಣಿನ ಸೋದರಮಾವ ಬಂದಿದ್ದ ಕಣಪ್ಪ. ನಿನ್ ಬಗ್ಗೆ ಒಳ್ಳೇದ್ನೇ ಯೋಳಿವ್ನಿ.”

“ಏನು ಹೇಳಿದ್ರಿ?”

“ಇಲ್ಲಿಗೆ ಬತ್ತಾನಂತಲ್ಲ ಅಂದ. ಬತ್ತಾನೆ, ವಾರ ತಪ್ದೆ ಬತ್ತಾನೆ, ವರ್ಸದ ಮೇಲಾಯ್ತು ಅಂದೆ. ಯಾರಾದ್ರೂ ಕರ್ಕಬತ್ತಾರಾ ಅಂದ. ಇಲ್ಲ, ಒಬ್ನೇ ಬತ್ತಾನೆ, ಒಬ್ನೇ ಓಯ್ತಾನೆ, ಒಂದಿನಾನೂ ಗಲಾಟೆ ಮಾಡಿಲ್ಲ ಅಂದೆ. ಒಳಗೆ ಏನ್ ಮಾಡ್ತಾನೆ ಅಂದ. ಗ್ವಾಡೆ ನೋಡ್ಕಂಡು ಕೂತಿರ್ತಾನೆ. ಬಿಸ್ಲು ಬಂದ್ರೆ ನಗ್ತಾನೆ, ಮೋಡ ಬಂದ್ರೆ ಬೈತಾನೆ, ಅಸ್ಟೇ ಅಂದೆ.” ಯಜಮಾನರು ನನ್ನ ಬೆನ್ನು ತಟ್ಟಿದರು. “ಒಂದ್ ಸುಳ್ಳು ಸೇರ್ಸಿಲ್ಲ.”

ಕ್ಯಾಮೆರಾದ ವಿಷಯ ಹೇಳಿದ್ರಾ ಅಂತ ಕೇಳಿದೆ. “ಅದ್ನ ಅವ್ನು ಕೇಳ್ನಿಲ್ಲ,” ಅಂದರು.

ಮುಂದಿನ ಬಸ್ಸಿಗೇ ಯಜಮಾನರನ್ನೂ, ಅವರಿಗೆ ತೋರಿಸಲು ತಂದಿದ್ದ ಫೋಟೋಗಳ ಕಟ್ಟನ್ನೂ ಹೊರಡಿಸಿಕೊಂಡು ಬೇಗೂರಿಗೆ ಹೋದೆ. ಹುಡುಗಿಯ ತಂದೆ ಜಗಲಿಯಲ್ಲೇ ನಿಂತರು. ಸೋದರಮಾವ ಅವರ ಹಿಂದೆ ನಿಂತ. ಯಜಮಾನರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

“ಸ್ವಾಮಿ, ಮೂವತ್ತೊರ್ಸ ಇಂಥೋರ್ನ ನೋಡಿರೋ ಕಣ್ಣು ಇದು. ಈ ಐದಂಗೆ, ಈ ಉಡ್ಗಂಗೆ, ಏನೂ ಇಲ್ಲ. ಬರೆದ್ಕೊಡ್ಲಾ?”

“ಏನೂ ಇಲ್ಲ ಅಂದ್ರೆ ನೀವ್ಯಾಕೆ ಜೊತೇಲಿ ಬಂದ್ರಿ?” ಅಂದರು ತಂದೆ.

“ಒಬ್ನೇ ಕಳ್ಸಕ್ಕಾದದಾ ಸ್ವಾಮಿ? ದಾರೀಲಿ ಒಂದೇ ಸಮ್ನೆ ಕೈ ನಡುಗ್ತಿತ್ತು, ತನ್ಗೆ ತಾನೇ ಮಾತಾಡ್ಕತಿದ್ದ.”

ಅದೂ ನಿಜವೇ. ತಂದೆಯ ಎದುರು ಏನು ಹೇಳಬೇಕು ಅಂತ ಬಸ್ಸಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಈಗ ಅದನ್ನೆಲ್ಲ ಬಿಟ್ಟು ಫೋಟೋಗಳ ಕಟ್ಟನ್ನು ಜಗಲಿಯ ಮೇಲಿಟ್ಟೆ.

ಒಳಗಿಂದ ಹುಡುಗಿ ಬಂದಳು. ಕಟ್ಟು ಬಿಚ್ಚಿ ಒಂದೊಂದಾಗಿ ನೋಡಿದಳು. ಹೆಂಚಿನ ಬಿಸಿಲು, ಸರಳಿನ ನೆರಳು, ಇದ್ದಿಲಿನ ಎತ್ತಿನ ಗಾಡಿ. ಆ ಗಾಡಿಯ ಫೋಟೋವನ್ನು ಬಹಳ ಹೊತ್ತು ನೋಡಿದಳು. “ಇದನ್ನ ಬರೆದೋರು ಈಗ ಎಲ್ಲಿದ್ದಾರೆ?” ಅಂತ ಕೇಳಿದಳು.

“ನಮ್ಮೂರ ಪಕ್ಕದಲ್ಲೇ ಅವ್ನೆ ಕಣವ್ವ. ಗಾಡಿ ಓಡುಸ್ಕಂಡು ಚೆನ್ನಾಗವ್ನೆ,” ಅಂದರು ಯಜಮಾನರು.

ಅವಳು ಫೋಟೋ ಕೆಳಗಿಟ್ಟು ತಂದೆಯ ಕಡೆ ತಿರುಗಿದಳು. “ಅಪ್ಪ, ನಂಗೆ ಒಪ್ಪಿಗೆ. ಆದ್ರೆ ಮದ್ವೆಗೆ ಮುಂಚೆ ಒಂದ್ಸಲ ಆ ಹುಚ್ಚಾಸ್ಪತ್ರೆ ಒಳಗೆ ಹೋಗಿ ನೋಡಬೇಕು. ಮದ್ವೆ ಆದ್ಮೇಲೂ ಮಂಗಳವಾರ ಇವರ ಜೊತೆ ನಾನೂ ಹೋಗ್ತೀನಿ.”

ತಂದೆ ಸೋದರಮಾವನ ಕಡೆ ನೋಡಿದರು. ಯಜಮಾನರು ಮಾತ್ರ ಹುಡುಗಿಯ ಮುಖವನ್ನು ಬಹಳ ಗಂಭೀರವಾಗಿ ನೋಡಿ, ತಂದೆಯನ್ನು ಪಕ್ಕಕ್ಕೆ ಕರೆದು, ತಮ್ಮ ಮೂವತ್ತು ವರ್ಷದ ಅನುಭವವನ್ನೆಲ್ಲ ಒಂದು ಮಾತಿಗೆ ಇಳಿಸಿದರು:

“ಸ್ವಾಮಿ, ಐದಂದು ಏನೂ ಬೀತಿ ಇಲ್ಲ. ನಿಮ್ ಮಗೀನ ಮಾತ್ರ ತಡ ಮಾಡ್ದೆ ಯಾರ್ಗಾದ್ರೂ ತೋರ್ಸ್ಬುಡಿ.”