ಅರಿಶಿನ ಕುಂಕುಮಕ್ಕೆ ಬರಬೇಕಾದ ಜಪಾನಿ ಹುಡುಗಿ

ವರಮಹಾಲಕ್ಷ್ಮಿ ಪೂಜೆಗೆ ಆ ಜಪಾನಿ ಹುಡುಗಿಯನ್ನು ಎಲ್ಲಿಂದ ತರುವುದು? ಡಯಾಪರ್ ಬದಲಿಸುವಾಗಲೂ ಶ್ರಾವಣಿಗೆ ಇದೇ ಯೋಚನೆ. ಹುಡುಗಿ ಇದ್ದದ್ದು ಲೈಬ್ರರಿಯ ಕಾದಂಬರಿಯಲ್ಲಿ. ಕಾದಂಬರಿ ಇದ್ದದ್ದು ಡಯಾಪರ್ ಚೀಲದ ತಳದಲ್ಲಿ. ಮಗು ಮಲಗಿದಾಗ ಸೊಸೆ ಕತೆ ಓದುತ್ತಾಳೆಂದರೆ ಮೈಸೂರಿನಿಂದ ಅಮೆರಿಕಕ್ಕೆ ಬಂದಿರುವ ಅತ್ತೆ ವಿಜಯಾ ಏನೆಂದುಕೊಂಡಾರು ಎಂದು ಬಚ್ಚಿಟ್ಟಿದ್ದಳು. ಆದರೆ ಬಾಯಿ ಸುಮ್ಮನಿರಬೇಕಲ್ಲ. ಎಳೆಯ ವಯಸ್ಸಿಗೇ ಅಮ್ಮನಿಂದ ಅಗಲಿ, ಕುಣಿದು ಹಾಡಿ ಅತಿಥಿಗಳನ್ನು ರಂಜಿಸುವ ಗೇಷಾಗಳ ಮನೆ ಸೇರಿ, ಅಲ್ಲಿನ ಯಜಮಾನಿಯಿಂದ ಬೈಸಿಕೊಂಡು ಕುಣಿತ ಕಲಿತವಳ ಪಾಡನ್ನು 'ನಂಗೊತ್ತಿರೋ ಒಬ್ಬಳು' ಎಂದು ಬೀನ್ಸ್ ಹೆಚ್ಚುತ್ತಾ ದಿನಕ್ಕಿಷ್ಟು ಹೇಳಿದ್ದಳು. ಮನೆ ಎಲ್ಲಿ ಎಂದು ಕೇಳಿದಾಗ ಗಾಬರಿಯಲ್ಲಿ ಬಾಯಿಗೆ ಬಂದದ್ದು ಪಕ್ಕದ ಊರು ಯೂಲೆಸ್. ಅವಳು ಪೂಜೆಗೆ ಬರುತ್ತಾಳೆಂದು ಅತ್ತೆ ತಾವಿದ್ದ ಲಾಸ್ ಕೊಲಿನಾಸಿನ ಕನ್ನಡದ ಮನೆಗಳಿಗೆಲ್ಲ ಸುದ್ದಿ ಮುಟ್ಟಿಸಿ, ಅವಳಿಗೊಂದು ರವಿಕೆ ಕಣವನ್ನೂ ತೆಗೆದಿಟ್ಟಿದ್ದರು.

— ಯೂಲೆಸ್‌ನಿಂದ ನಿನ್ನ ಫ್ರೆಂಡ್ ನಳಿನಿ ಬರ್ತಾಳಲ್ಲ, ಅವಳ ಕಾರಲ್ಲೇ ಕರ್ಕೊಂಡ್ ಬಾ ಅಂದಿದೀನಿ.

— ಅವಳಿಗೆ ಬರಕ್ಕಾಗಲ್ಲ ಅತ್ತೆ.

— ಆ ಯಜಮಾನಿ ಬಿಡಲ್ವಾ? ನಂಬರ್ ಕೊಡು, ನಾನ್ ಮಾತಾಡ್ತೀನಿ.

— ಯಜಮಾನಿಗೆ ಕನ್ನಡ ಬರಲ್ಲ.

— ಬೈಯೋದು ಅರ್ಥ ಆಗುತ್ತೆ ಬಿಡು.

ಗೇಷಾಗಳು ಮುಖಕ್ಕೆಲ್ಲ ಬಿಳಿ ಬಣ್ಣ ಬಳಿದಿರುತ್ತಾರೆ, ಅರಿಶಿನಕ್ಕೆ ಜಾಗವೇ ಇಲ್ಲ ಎಂದಳು ಶ್ರಾವಣಿ. ಕೈಗೆ ಹಚ್ಚಿದರಾಯಿತು ಎಂದರು ಅತ್ತೆ.

ಸೋಫಾದಲ್ಲಿದ್ದ ಗಂಡ ಪ್ರತಾಪ್ ಟಿವಿ ಸದ್ದು ಇಳಿಸಿದ.

— ನಳಿನಿಗೆ ಅಡ್ರೆಸ್ ಬೇಡ್ವೇನೆ? ಹುಡುಗಿ ಎಲ್ಲಿದಾಳೆ ಹೇಳು.

ಶ್ರಾವಣಿ ಡಯಾಪರ್ ಚೀಲವನ್ನು ಅವನ ತೊಡೆಯ ಮೇಲೆ ಸುರಿದಳು.

— ಇಲ್ಲಿ.

ಪ್ರತಾಪ್ ಪುಸ್ತಕದ ಹಿಂಬದಿ ಓದಿ, ಇದು ಹಿಂದಿನ ಕಾಲದ ಕತೆಯಮ್ಮ ಎಂದ.

— ಅಂದ್ರೆ, ತೀರ್ಕೊಂಡಿದಾಳಾ?

— ಹುಟ್ಟೇ ಇಲ್ಲ ಅತ್ತೆ.

ವಿಜಯಾ ಕುರ್ಚಿ ಎಳೆದು ಕೂತರು.

— ಹುಟ್ಟದೇನೇ ಇಷ್ಟೊಂದು ಕಷ್ಟಪಟ್ಲಾ?

ಶ್ರಾವಣಿ ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು. ಅತ್ತೆ ಪುಸ್ತಕ ಬಿಡಿಸಿ, ಗುರುತಿಗೆ ಇಟ್ಟಿದ್ದ ಮಗುವಿನ ಕಾಲುಚೀಲವನ್ನು ನೋಡಿದರು.

— ಆಮೇಲೆ ಅವಳಿಗೆ ಅವರಮ್ಮ ಸಿಕ್ಳಾ?

— ಅಲ್ಲೀವರ್ಗೂ ಓದಿಲ್ಲ.

— ಓದು ಮತ್ತೆ. ಮಗೂನ ನಾನ್ ನೋಡ್ಕೋತೀನಿ. ಮೊದ್ಲು ನಳಿನಿಗೆ ಹೇಳ್ಬಿಡು, ಹುಡುಕ್ಕೊಂಡು ಅಲೆದಾಳು.

ಎರಡು ದಿನದಿಂದ ಎತ್ತಿ ಎತ್ತಿ ಇಡುತ್ತಿದ್ದ ಫೋನಿನಲ್ಲಿ ಶ್ರಾವಣಿ ಕೊನೆಗೂ ನಂಬರ್ ಒತ್ತಿದಳು.

— ನಳಿನಿ, ಆ ಹುಡುಗಿ ಶುಕ್ರವಾರ ಬರಲ್ಲ ಕಣೇ... ಇಲ್ಲ, ಹುಷಾರಾಗೇ ಇದಾಳೆ. ಇನ್ನೂ ನೂರು ಪುಟ ಬಾಕಿ ಇದೆ.