ಭಾವನವರ ಪಾಲಿನ ಎಂಟು ಸೆಕೆಂಡು

ಕತ್ತರಿಸುವುದೇ ಕಸುಬಾಗಿದ್ದೂ ಮೂವತ್ತು ವರ್ಷ ಏನನ್ನೂ ಕತ್ತರಿಸದೆ ಬದುಕಿದ ಮನುಷ್ಯರನ್ನು ನೀವು ನೋಡಿದ್ದೀರಾ? ನಮ್ಮ ಮನೆಯ ಮಹಡಿಯ ಮೇಲಿದ್ದಾರೆ, ಬನ್ನಿ! ನನ್ನ ಗಂಡನ ಅಣ್ಣ, ನನ್ನ ಭಾವನವರು. ಗಂಗಾವತಿಯಲ್ಲಿ ಮದುವೆಗಳ ವಿಡಿಯೋ ತೆಗೆದು ಎಡಿಟ್ ಮಾಡಿ ಕೊಡುವುದು ಅವರ ಉದ್ಯೋಗವಾಗಿತ್ತು. ಎಡಿಟಿಂಗ್ ಎಂದರೆ ಬೇಡದ್ದನ್ನು ತೆಗೆಯುವುದು ಎಂದು ಎಲ್ಲರೂ ತಿಳಿದಿದ್ದಾರೆ. ಭಾವನವರ ಪ್ರಕಾರ ಈ ಲೋಕದಲ್ಲಿ ಬೇಡದ್ದು ಎಂಬುದೇ ಇಲ್ಲ!

ಅವರದು ಒಂದೇ ಕಾನೂನು: "ಬಂದವರನ್ನ ಕತ್ತರಸಬಾರದು." ಮದುವೆಗೆ ಉಡುಗೊರೆಯಾಗಿ ಆಯೇರಿ ಬಟ್ಟೆ ಹಿಡಿದು ಬಂದ ಪ್ರತಿಯೊಬ್ಬರ ಮುಖವೂ ವಿಡಿಯೋದಲ್ಲಿ ಬರಲೇಬೇಕು. ಆಯೇರಿ ತಾರದವರದೂ ಬರಬೇಕು. ಚಪ್ಪಲಿ ಕಾಯುವವನು, ಬಾಳೆ ಎಲೆ ಎಸೆಯುವವಳು, ಆ ಎಲೆಗಾಗಿ ಕಾದ ಎಮ್ಮೆ, ಎಲ್ಲರೂ ಬರಬೇಕು. ಹೀಗಾಗಿ ಅವರ ಒಂದೊಂದು ವಿಡಿಯೋ ನಾಲ್ಕೈದು ತಾಸು! ಒಮ್ಮೆ ಗಂಡಿನ ಕಡೆಯವರೊಬ್ಬರು ಜಗಳಕ್ಕೇ ಬಂದರು.

"ಏನ್ರಿ ಇದು, ಎರಡ ತಾಸು ನೋಡಿದ್ರೂ ಮದಿಮಗನ ಮಾರಿ ಕಾಣವಲ್ದಲ್ರಿ!"

"ಸಾವಿರ ಮಂದಿ ಬಂದಿದ್ರು. ಮದಿಮಗ ಆದ್ರೇನು, ತನ್ನ ಪಾಳಿ ಬರೂತನಕ ಕಾಯಬೇಕಲ್ರಿ?" ಎಂದರು ಭಾವನವರು.

ಅಷ್ಟು ಮದುವೆ ನೋಡಿದವರು ತಾವು ಮಾತ್ರ ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ನಾ ಮದಿಮಗ ಆಗಿ ಕುಂತ್ರ ವಿಡಿಯೋ ತಗಿಯಾಂವ ಯಾಂವ?" ಎನ್ನುತ್ತಾರೆ!

ವಿಚಿತ್ರವೆಂದರೆ, ನನ್ನ ಮದುವೆಯ ಕ್ಯಾಸೆಟ್ ಮಾತ್ರ ನಲವತ್ತೇ ನಿಮಿಷ. ಅದು ಭಾವನವರ ಮೊಟ್ಟಮೊದಲ ಕೆಲಸ. ಅಚ್ಚುಕಟ್ಟೆಂದರೆ ಅಚ್ಚುಕಟ್ಟು. ಕಾನ್ವೆಂಟಿನ ಸಿಸ್ಟರುಗಳು ಮೆಚ್ಚಿ ಪುಟದಂಚಿಗೆ ನಕ್ಷತ್ರ ಬರೆಯುವಷ್ಟು! ಒಂದು ದೋಷ ಮಾತ್ರ ಉಳಿದುಬಿಟ್ಟಿದೆ. ನಾನು ತಲೆ ತಗ್ಗಿಸಿ ಕೂತಿದ್ದಾಗ ಪರದೆಯ ಬಲ ಅಂಚಿನಿಂದ ಒಂದು ಕೈ, ತಟ್ಟೆ ಹಿಡಿದು, ಒಳಗೆ ಬರುತ್ತದೆ. ತಟ್ಟೆಯಲ್ಲಿ ಎರಡು ಹೋಳಿಗೆ. ಮರುಕ್ಷಣ ಕೈಯೂ ಇಲ್ಲ, ಹೋಳಿಗೆಯೂ ಇಲ್ಲ! ಕೈಯಲ್ಲಿ ಬಳೆ ಇರಲಿಲ್ಲವಾದ್ದರಿಂದ ಅದು ಅಡಿಗೆಯವನದೇ ಎಂದು ನಾವೆಲ್ಲ ತೀರ್ಮಾನಿಸಿ, ಪ್ರತಿ ಸಲ ಆ ಜಾಗ ಬಂದಾಗ ನಗುತ್ತಿದ್ದೆವು. ಭಾವನವರು ಮಾತ್ರ ಆ ಹೊತ್ತಿಗೆ ಸರಿಯಾಗಿ ನೀರು ಕುಡಿಯಲು ಎದ್ದು ಹೋಗುತ್ತಿದ್ದರು.

ಇಂಥವರ ಕೈಗೆ ಮೊನ್ನೆ ನನ್ನ ಮಗಳು ಸಹನಾಳ ಕಾಲೇಜಿನ ಹಾಡು ಸಿಕ್ಕಿಬಿಟ್ಟಿತು ನೋಡಿ!

ಕಾಲೇಜಿನಲ್ಲಿ ವಿಡಿಯೋ ಹಾಡುಗಳ ಸ್ಪರ್ಧೆ. ನಾಲ್ಕು ನಿಮಿಷದ ಮೇಲೆ ಒಂದು ಸೆಕೆಂಡ್ ಹೆಚ್ಚಾದರೂ ತೆಗೆದುಕೊಳ್ಳುವುದಿಲ್ಲವಂತೆ. ಸಹನಾ ಮತ್ತು ಗೆಳತಿಯರು ಮುಂಜಾನೆಯ ಬಸ್ಸಿನ ಮೇಲೆ ತಾವೇ ಹಾಡು ಕಟ್ಟಿದ್ದರು. ಹಾಡುವವಳು ಯಲಬುರ್ಗಾದ ರೇಣುಕಾ, ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ. ಮಾತಾಡಿದರೆ ಪಕ್ಕದವರಿಗೂ ಕೇಳಿಸದು. ಹಾಡಿದರೆ ನಾನು ಒಲೆಯ ಮೇಲಿನ ಹಾಲು ಮರೆಯುತ್ತೇನೆ.

ತೊಡಕಿದ್ದದ್ದು ಅವಳ ತಂದೆಯ ಕಡೆಯಿಂದ. ತಾಲ್ಲೂಕು ಕಚೇರಿಯ ಗುಮಾಸ್ತರು, ಮಿತಭಾಷಿ. ಮಗಳು ಪರದೆಯ ಮೇಲೆ ಹಾಡುವುದು ಅವರಿಗೆ ಸುತರಾಂ ಒಪ್ಪಿಗೆಯಿಲ್ಲ. ಕೊನೆಗೆ ಒಂದು ಷರತ್ತು ಹಾಕಿದ್ದರು: ವಿಡಿಯೋ ಮೊದಲು ತಾವು ನೋಡಬೇಕು. ಸರಿ ಕಾಣದಿದ್ದರೆ ಸ್ಪರ್ಧೆಯೂ ಬೇಡ, ವಾರಕ್ಕೊಮ್ಮೆಯ ಸಂಗೀತದ ಕ್ಲಾಸೂ ಬೇಡ, ಇನ್ನು ಓದಿನ ಕಡೆ ಲಕ್ಷ್ಯ. ಇಟಗಿಯ ಗುಡಿಯ ಹತ್ತಿರ ಚಿತ್ರೀಕರಣ ನಡೆದ ದಿನ ತಾವೂ ಬಂದು ಸಂಜೆಯವರೆಗೆ ಬೇವಿನ ಮರದ ಕೆಳಗೆ ನಿಂತಿದ್ದರಂತೆ. "ಸಿಸಿಟಿವಿ ಇದ್ದಂಗ ನಿಂತಿದ್ರು ಮಮ್ಮಿ!" ಎಂದಳು ಸಹನಾ.

ಅಷ್ಟರಲ್ಲಿ ಸಹನಾಳ ಲ್ಯಾಪ್‌ಟಾಪ್ ಕೈಕೊಟ್ಟಿತು. ಉಳಿದದ್ದು ಮಹಡಿಯ ಮೇಲಿನ ಭಾವನವರ ಕಂಪ್ಯೂಟರ್ ಒಂದೇ. ಅದನ್ನು ಅವರು ಮತ್ತೊಬ್ಬರಿಗೆ ಮುಟ್ಟಲು ಕೊಡುವುದಿಲ್ಲ. ಹುಡುಗಿಯರು ಫೋನಿನಲ್ಲಿ ತೆಗೆದದ್ದನ್ನೆಲ್ಲ, ಕೆಟ್ಟಿದೆ ಎಂದು ಪಕ್ಕಕ್ಕಿಟ್ಟದ್ದನ್ನೂ ಬಿಡದೆ, ತುಂಬಿಸಿಕೊಂಡು ಕೂತರು.

ಮರುದಿನ ಚಹಾ ಒಯ್ದರೆ ಏನು ನೋಡಲಿ? ರೇಣುಕಾ ಹಾಡುತ್ತಿದ್ದಾಳೆ, ಮೇಲಿನಿಂದ ಗುಲಾಬಿ ಪಕಳೆಗಳು ಸುರಿಯುತ್ತಿವೆ! ಸಹನಾ ಒಂದು ಕೆಂಪು ಹೃದಯದೊಳಗೆ ಕೂತು ಗರಗರ ತಿರುಗುತ್ತಿದ್ದಾಳೆ!

"ದೊಡ್ಡಪ್ಪಾ, ಇದು ಬಸ್ಸಿನ ಹಾಡು! ಬಸ್ಸಿನ್ಯಾಗ ಹೂವಿನ ಮಳಿ ಎಲ್ಲಿಂದ ಬರತೈತಿ?"

"ಕಿಡಕಿ ತಗದಿಟ್ಟಿದ್ರ ಬರತೈತವಾ!"

ಹೂವೇನೋ ಹೋಯಿತು. ಆದರೆ ಉದ್ದ ಹನ್ನೊಂದು ನಿಮಿಷ! ಬಸ್ಸಿನ ಡ್ರೈವರ್, ಒಗ್ಗರಣೆ-ಮಿರ್ಚಿ ಮಾರುವ ಅಜ್ಜಿ, ನೀರು ಕೊಟ್ಟ ಹೆಂಗಸು, ಮೂರು ಆಡು, ಆಡಿನ ಒಡೆಯ, ಎಲ್ಲರೂ ಹಾಜರು.

"ಆಡು ಯಾಕ್ ದೊಡ್ಡಪ್ಪಾ?"

"ಅದು ಎರಡ ತಾಸು ನಿಂತು ನಿಮ್ಮ ಹಾಡು ಕೇಳೈತಿ. ನಿಮ್ಮ ಡ್ಯಾನ್ಸಿನ ಹುಡಿಗಿ ಬಿಸಲಂತ ಅರ್ಧ ತಾಸಿಗೆ ಓಡಿ ಹೋಗ್ಯಾಳ. ಕತ್ತರಸೂದಿದ್ರ ಅಕೀನ್ನ ಕತ್ತರಸು!"

ಸಹನಾಳ ಕಣ್ಣಲ್ಲಿ ನೀರು. ಇಬ್ಬರ ನಡುವೆ ನಾನು ರಾಯಭಾರಿಯಾದೆ. ಒಪ್ಪಂದ ಹೀಗಾಯಿತು: ಹಾಡು ಸಹನಾ ಹೇಳಿದಂತೆ, ಮೂರು ನಿಮಿಷ ಐವತ್ತೆರಡು ಸೆಕೆಂಡು. ಉಳಿದ ಎಂಟು ಸೆಕೆಂಡು ಭಾವನವರದು. ಅದರಲ್ಲಿ ಏನು ಹಾಕುತ್ತಾರೆಂದು ಯಾರೂ ಕೇಳುವಂತಿಲ್ಲ.

ಭಾವನವರು ಬಾಗಿಲು ಹಾಕಿಕೊಂಡರು. ಹಾಕಿಕೊಂಡವರು ಮರುದಿನ ಬೆಳಿಗ್ಗೆ ರೇಣುಕಾಳ ತಂದೆ ಯಲಬುರ್ಗಾ ಬಸ್ಸಿಳಿದು ಮನೆಗೆ ಬಂದರೂ ತೆರೆಯಲಿಲ್ಲ! ಮಧ್ಯಾಹ್ನ ಎರಡಕ್ಕೆ ಕಾಲೇಜಿಗೆ ಕಳಿಸುವ ಕೊನೆಯ ಗಡುವು. ಹನ್ನೆರಡಕ್ಕೆ ಇಳಿದು ಬಂದು ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿದರು.

"ಆ ಎಂಟು ಸೆಕೆಂಡಿನ್ಯಾಗ ಆಡು ಇದ್ರ ನಾ ಮನಿ ಬಿಟ್ಟು ಹೋಗ್ತೀನಿ," ಎಂದು ಸಹನಾ ನನ್ನ ಕಿವಿಯಲ್ಲಿ ಹೇಳಿದಳು.

ರೇಣುಕಾಳ ತಂದೆ ಕುರ್ಚಿಯ ಅಂಚಿನಲ್ಲಷ್ಟೇ ಕೂತಿದ್ದರು. ನಾನು ಕೊಟ್ಟ ಚಹಾ ಕೆನೆಗಟ್ಟಿತು. ರೇಣುಕಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತಿದ್ದಳು. ಹಾಡು ಶುರುವಾಯಿತು, ಬೆಳೆಯಿತು, ಮುಗಿಯಿತು. ಅವರ ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಆಮೇಲೆ ಆ ಎಂಟು ಸೆಕೆಂಡು.

ಬೇವಿನ ಮರ. ಅದರ ಕೆಳಗೆ ಒಂದು ಕೈಯಲ್ಲಿ ಮಗಳ ಚಪ್ಪಲಿ, ಇನ್ನೊಂದರಲ್ಲಿ ಮಗಳ ಚೀಲ ಹಿಡಿದು ಅದೇ ಗುಮಾಸ್ತರು ನಿಂತಿದ್ದಾರೆ. ಕಣ್ಣು ಮಗಳು ಹಾಡುತ್ತಿರುವ ಕಡೆಗೆ. ತುಟಿಗಳು ಸದ್ದಿಲ್ಲದೆ ಹಾಡಿನ ಒಂದೊಂದು ಪದವನ್ನೂ ಅವಳ ಜೊತೆಗೇ ಹೇಳುತ್ತಿವೆ! ನಡುವೆ ಒಂದು ಕಡೆ ಅವಳು ಉಸಿರು ತೆಗೆದುಕೊಂಡಾಗ ಇವರೂ ತೆಗೆದುಕೊಂಡರು.

ಟಿವಿ ಕಪ್ಪಾಯಿತು. ಸಹನಾ ಕಣ್ಣು ಮುಚ್ಚಿಕೊಂಡಳು. ನಾನು ಸೀರೆಯ ಸೆರಗು ಹಿಡಿದುಕೊಂಡೆ. ಎಲ್ಲ ಮುಗಿಯಿತು ಎಂದುಕೊಂಡೆ.

"ಇನ್ನೊಮ್ಮೆ ಹಾಕ್ರಿ," ಎಂದರು ರೇಣುಕಾಳ ತಂದೆ.

ಹಾಕಿದರು.

"ಆ ಚಪ್ಪಲಿ ಒಂದಿಷ್ಟು ತಗೀಲಿಕ್ಕೆ ಬರತೈತೇನ್ರಿ? ಆಫೀಸಿನ್ಯಾಗ ಮಂದಿ ನೋಡ್ತಾರ."

"ಬರಂಗಿಲ್ರಿ," ಎಂದರು ಭಾವನವರು. "ಚಪ್ಪಲೀನೂ ಬಂದಿತ್ತಲ್ರಿ!"

ರೇಣುಕಾ ಮೆಲ್ಲಗೆ ಕೇಳಿದಳು: "ಅಪ್ಪಾ, ಹಾಡು ನಿನಗ ಪೂರಾ ಬಾಯಿಪಾಠ ಐತಲ್ಲ?"

"ಊರಿಗೆ ಬಂದಾಗೊಮ್ಮೆ ಬಚ್ಚಲದಾಗ ನಿಂತು ಹಾಡತಿ. ನನಗೇನು ಕಿವಿ ಇಲ್ಲೇನು?" ಎಂದವರು ಭಾವನವರ ಕಡೆ ತಿರುಗಿದರು. "ಕಳಸ್ರಿ. ಎರಡಕ್ಕ ಕೊಡಬೇಕಂದ್ರಲ್ಲ? ಮತ್ತ ನೀ, ಐತವಾರ ಕ್ಲಾಸ್ ತಪ್ಪಸಬ್ಯಾಡ."

ಅಬ್ಬಾ! ನಮ್ಮ ನಡುಮನೆಯಲ್ಲಿ ಅಷ್ಟು ಜನ ಒಟ್ಟಿಗೆ ಉಸಿರು ಬಿಟ್ಟದ್ದಕ್ಕೆ ಗೋಡೆಯ ಕ್ಯಾಲೆಂಡರ್ ಅಲುಗಾಡಿತೆಂದರೆ ನೀವು ನಂಬಲಿಕ್ಕಿಲ್ಲ. ಗುಮಾಸ್ತರು ಆರಿದ ಚಹಾವನ್ನೇ ಒಂದೇ ಗುಟುಕಿಗೆ ಕುಡಿದು "ಛಲೋ ಆಗೇತ್ರಿ" ಎಂದರು. ಹಾಡಿಗೋ, ಚಹಾಕ್ಕೋ, ತಿಳಿಯಲಿಲ್ಲ! ಸಹನಾ ದೊಡ್ಡಪ್ಪನ ಕೊರಳಿಗೆ ಜೋತುಬಿದ್ದಳು.

ಎಲ್ಲರೂ ಹೋದ ಮೇಲೆ ನೆನಪಾಯಿತು, ಭಾವನವರು ಬೆಳಗಿನಿಂದ ಏನೂ ತಿಂದಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯ ತಟ್ಟೆಗೆ ಹಾಕಿಕೊಂಡು ಮಹಡಿ ಹತ್ತಿದೆ. ಅವರು ಆಗಲೇ ಕಂಪ್ಯೂಟರಿನ ಮುಂದಿದ್ದರು. ಪಕ್ಕದಿಂದ ತಟ್ಟೆ ಚಾಚಿದೆ.

ಭಾವನವರು ತಟ್ಟೆ ತೆಗೆದುಕೊಳ್ಳಲಿಲ್ಲ. ನನ್ನ ಕೈಯನ್ನೇ ನೋಡಿದರು.

"ತಂಗೀ, ನಿಮ್ಮ ಮದುವಿ ಕ್ಯಾಸೆಟ್ಟಿನ್ಯಾಗ ಒಂದ ಕೈ ಬರತೈತಲ್ಲ. ಅದು ಅಡಿಗಿಯವಂದಲ್ಲವಾ. ನಮ್ಮ ಅವ್ವಂದು."

ಗಂಡ ತೀರಿದವಳೆಂದು ಅತ್ತೆ ಅಂದು ಶಾಸ್ತ್ರಗಳಿಗೆ ಮುಂದೆ ಬಾರದೆ ಅಡಿಗೆಯ ಕಡೆ, ಹಂದರದ ಅಂಚಿನಲ್ಲೇ ಉಳಿದಿದ್ದರು. ಬಳೆ ಎಲ್ಲಿಂದ ಬರಬೇಕು?

"ಮುಂಜಾನಿಂದ ತಟ್ಟಿ ಹಿಡಕೊಂಡು ನನ್ನ ಬೆನ್ನ ಹಿಂದ ಹತ್ತಿದ್ಲು. 'ಮೊದಲ ಉಣ್ಣೋ, ಆಮ್ಯಾಲ ತಗೀವಂತಿ' ಅಂತ ಕ್ಯಾಮರಾದ ಮುಂದ ಬಂದು ಬಂದು ನಿಲ್ಲಾಕಿ. ವಿಡಿಯೋ ಹೊಲಸಾತು ಅಂತ ಸಿಟ್ಟಿಗೆದ್ದು ಅಷ್ಟೂ ಕತ್ತರಸಿ ಒಗದೆ. ಆ ಟೇಪಿನ ಮ್ಯಾಲ ಬ್ಯಾರೆ ಮದುವಿ ತಗದೆ. ವರ್ಷ ತುಂಬೂದ್ರಾಗ ಅವ್ವ ಹೋದ್ಲು. ಗ್ವಾಡಿ ಮ್ಯಾಲ ಫೋಟೋ ಐತಿ, ಖರೆ. ಫೋಟೋ ಉಣ್ಣು ಅನ್ನಂಗಿಲ್ಲಲ್ಲವಾ."

ಇಷ್ಟು ವರ್ಷ ನಾವು ನಕ್ಕದ್ದು ಆ ಕೈಗೆ.

ಈ ಮನೆಗೆ ಬಂದಾಗಿನಿಂದ ಅವರೆದುರು ಒಮ್ಮೆಯೂ ದನಿ ಏರಿಸದವಳು, ಕಂಪ್ಯೂಟರಿನ ಪರದೆ ಮುಚ್ಚುವಂತೆ ಅಡ್ಡ ಬಂದು ನಿಂತೆ. ತಟ್ಟೆಯನ್ನು ಅವರ ಮೂಗಿನವರೆಗೆ ಚಾಚಿದೆ.

"ಮೊದಲ ಉಣ್ರಿ," ಎಂದೆ.